ಫ್ರೇಮ್ ಅದೇ, ಉಳಿದದ್ದೆಲ್ಲ ಬೇರೆ

ಕಳೆದ ತಿಂಗಳು ನನ್ನ ಹಳೆಯ ಸೈಕಲ್ಲಿನಲ್ಲಿ ಚಾಮುಂಡಿ ಬೆಟ್ಟವನ್ನು ತಪ್ಪಲಿನಿಂದ ತುದಿಯವರೆಗೆ ಕಾಲು ಕೆಳಗಿಡದೆ ಹತ್ತಿದೆ. 24 ನಿಮಿಷದ ಆಸುಪಾಸು. ಐದು ವರ್ಷದ ಹಿಂದೆ ಇದೇ ಸೈಕಲ್ಲನ್ನು ಅರ್ಧದಾರಿಯಲ್ಲೇ ಇಳಿದು ತಳ್ಳುತ್ತಿದ್ದೆ. ಅದಕ್ಕೆ ಹಣ ಹಾಕುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಎಂದು ಜೊತೆಯ ಸವಾರರು ಆಗ ಹೇಳಿದ್ದರು.

16 ಸಾವಿರಕ್ಕೆ ಕೊಂಡ ಅಲ್ಯೂಮಿನಿಯಂ ಫ್ರೇಮಿನ ಸೈಕಲ್ ಅದು. ಮುಂದಿನ ಎರಡು ಹಲ್ಲುಚಕ್ರಕ್ಕೆ 50 ಮತ್ತು 34 ಹಲ್ಲು, ಹಿಂದಿನ ಏಳಕ್ಕೆ (ಅದೇ ಏಳು ಸ್ಪೀಡು) 14ರಿಂದ 28. ಮೊದಲಿಗೆ ಚೆಂದ ನೋಡಿ ಕಾರ್ಬನ್ ಸೀಟ್‌ಪೋಸ್ಟ್ (ಸೀಟಿನ ಕಂಬ) ಹಾಕಿದೆ. ಮೂರು ಸಾವಿರ ಕೊಟ್ಟು ನೂರು ಗ್ರಾಂ ಇಳಿಸಿದ್ದಷ್ಟೇ. ಏರಿನಲ್ಲಿ ಏನೂ ಗೊತ್ತಾಗಲಿಲ್ಲ, ಅರ್ಧ ಬೆಲೆಗೆ ಮಾರಿದೆ. ಆಮೇಲೆ ಏರು ಹಗುರವಾಗಲೆಂದು 11ರಿಂದ 34 ಹಲ್ಲಿನ, ಎಂಟು ಸ್ಪೀಡಿನ ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಕಟ್ಟು) ತಂದೆ. ಹಿಂದಿನ ಚಕ್ರದ ನಡುವಿನ ಹಬ್ ಬಿಚ್ಚಿದರೆ, ಹಲ್ಲುಚಕ್ರಗಳನ್ನು ತಿರುಪಿ ಕೂರಿಸುವ ಫ್ರೀವೀಲ್! ಅದಕ್ಕೆ ಕ್ಯಾಸೆಟ್ ಕೂರುವುದಿಲ್ಲ. 1,200 ರೂಪಾಯಿಯ ಕ್ಯಾಸೆಟ್ ಒಂದು ವರ್ಷ ಡಬ್ಬದಲ್ಲೇ ಉಳಿಯಿತು.

ದಾರಿ ತೋರಿಸಿದ್ದು ಆ ಹಬ್ಬೇ. ನಂಜನಗೂಡಿನಿಂದ ಬರುವಾಗ ಹಿಂದಿನ ಚಕ್ರದ ಆಕ್ಸಲ್ (ಅಚ್ಚು) ಮುರಿಯಿತು. ಅದಕ್ಕೂ ಮುಂಚೆ ಎರಡು ಬಾರಿ ಬಾಗಿತ್ತು, ಆಗೆಲ್ಲ ರಸ್ತೆಯ ಗುಂಡಿಗಳನ್ನು ಬೈದಿದ್ದೆ. ತಪ್ಪು ಗುಂಡಿಯದಲ್ಲ. ಫ್ರೀವೀಲ್ ಹಬ್‌ನಲ್ಲಿ ಬಲಗಡೆಯ ಬೇರಿಂಗ್ ಒಳಮಗ್ಗುಲಿಗೆ ಇರುತ್ತದೆ, ಅಲ್ಲಿಂದ ಚಕ್ರ ಕೂರುವ ಫ್ರೇಮಿನ ಕಚ್ಚಿನವರೆಗೆ (ಡ್ರಾಪೌಟ್) ಆಕ್ಸಲ್ಲಿಗೆ ಆಸರೆಯಿಲ್ಲ. ನನ್ನ ತೂಕ 84 ಕಿಲೋ. ಕ್ಯಾಸೆಟ್ ಕೂರುವ ಶಿಮಾನೊ ಕಂಪನಿಯ ಫ್ರೀಹಬ್‌ನಲ್ಲಿ ಬೇರಿಂಗ್ ಹೊರತುದಿಗೆ ಬರುತ್ತದೆ. ವರ್ನಿಯರ್ ಹಿಡಿದು ಅಳೆದರೆ ಫ್ರೇಮಿನ ಹಿಂಭಾಗ 130 ಮಿ.ಮೀ., ಫ್ರೀಹಬ್ ಸರಿಯಾಗಿ ಕೂರುವಷ್ಟು. ಅದನ್ನು ಹಾಕಿ 32 ಕಡ್ಡಿಯ ಚಕ್ರ ಕಟ್ಟಿಸಿದೆ, ಐದೂವರೆ ಸಾವಿರ. ಮೂರು ವರ್ಷದಲ್ಲಿ ಒಮ್ಮೆ ಮಾತ್ರ ಬೆಂಡು ತೆಗೆಸಿದ್ದೇನೆ.

ಎಂಟು ಗೇರಿಗಾಗಿ ಶಿಮಾನೊದ ಕ್ಲಾರಿಸ್ ಶಿಫ್ಟರ್ (ಹ್ಯಾಂಡಲಿನ ಗೇರ್ ಸನ್ನೆ) ಜೋಡಿ, ಹಳೆಯದು, ಏಳೂವರೆ ಸಾವಿರಕ್ಕೆ ಸಿಕ್ಕಿತು. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಡಿರೇಲರ್ ವಿಷಯದಲ್ಲಿ ಮಾತ್ರ ಅಂಗಡಿಯವರ ಜೊತೆ ವಾದವೇ ಆಯಿತು. ಶಿಮಾನೊದ 9 ಸ್ಪೀಡಿನ ಹಳೆಯ ಮೌಂಟನ್ ಬೈಕ್ ಡಿರೇಲರ್ ಈ ಶಿಫ್ಟರಿಗೆ ಒಗ್ಗುತ್ತದೆ, 10 ಸ್ಪೀಡಿನದು ಒಗ್ಗುವುದಿಲ್ಲ. ಆಗದು ಎಂದವರ ಎದುರಿಗೇ 800 ರೂಪಾಯಿಯ ಡಿರೇಲರ್ ಕೂರಿಸಿ, ಎಂಟೂ ಗೇರ್ ಹಾಕಿ ತೋರಿಸಿದೆ. ಡಿರೇಲರ್ ಮತ್ತು ಹಲ್ಲುಚಕ್ರದ ನಡುವಿನ ಅಂತರ ಹೊಂದಿಸುವ ಬಿ-ಸ್ಕ್ರೂ ಬಳಿ ಒಂದು ಸಣ್ಣ ಕೈಚಳಕವಿದೆ. ಅದನ್ನು ಬರೆಯುವುದಿಲ್ಲ, ಮೈಸೂರಿಗೆ ಬಂದರೆ ತೋರಿಸುತ್ತೇನೆ. ಈಗ ಮುಂದೆ 34, ಹಿಂದೆ 34: ಪೆಡಲ್ ಒಂದು ಸುತ್ತು, ಚಕ್ರ ಒಂದು ಸುತ್ತು. ಬೆಟ್ಟ ಹತ್ತಿಸಿದ್ದು ಇದೇ.

ನಡುವೆ ಚೈನಿಗೆ ಪ್ಯಾರಾಫಿನ್ ಮೇಣದ ಹುಚ್ಚು ಹಿಡಿಯಿತು. ಚೈನನ್ನು ಚೆನ್ನಾಗಿ ತೊಳೆದು, ಒಣಗಿಸಿ, ಕರಗಿದ ಮೇಣದಲ್ಲಿ ಅದ್ದಿದೆ. ಬೇಸಿಗೆಯಲ್ಲಿ ಸುಮಾರು 300 ಕಿ.ಮೀ. ಸದ್ದಿಲ್ಲದೆ ಓಡಿತು, ಕೈಗೂ ಮಸಿಯಿಲ್ಲ. ಮಳೆಗಾಲದಲ್ಲಿ ಒಂದೇ ಸವಾರಿಗೆ ಕಿರುಗುಟ್ಟಿ ಮರುದಿನ ತುಕ್ಕು ಹಿಡಿಯಿತು. ಈಗ ಜೂನ್‌ನಿಂದ ಎಣ್ಣೆ, ಡಿಸೆಂಬರ್‌ನಿಂದ ಮೇಣ.

ಕೊಟ್ಟ ಹಣಕ್ಕೆ ತಕ್ಕ ಸುಖ ಕೊಟ್ಟದ್ದು ಟೈರುಗಳು. 23 ಮಿ.ಮೀ. ಅಗಲದ್ದನ್ನು ತೆಗೆದು ಒಳ್ಳೆಯ 28ರದ್ದನ್ನು ಹಾಕಿ, ಗಾಳಿಯನ್ನು 110ರಿಂದ 80 ಪಿಎಸ್‌ಐಗೆ ಇಳಿಸಿದೆ. ಮೂರೂವರೆ ಸಾವಿರ. ಶ್ರೀರಂಗಪಟ್ಟಣಕ್ಕೆ ಹೋಗಿಬಂದರೆ ಮೊದಲು ಅಂಗೈ ಜೋಮು ಹಿಡಿಯುತ್ತಿತ್ತು, ಈಗಿಲ್ಲ. ಮೊದಲೇ ಇದನ್ನು ಮಾಡಬೇಕಿತ್ತು.

ಚೈನು, ಕೇಬಲ್, ಬ್ರೇಕ್ ಪ್ಯಾಡ್ ಎಲ್ಲ ಸೇರಿ ಐದು ವರ್ಷದಲ್ಲಿ 23 ಸಾವಿರ ಹೋಗಿರಬೇಕು. ಸೈಕಲ್ಲಿನ 16 ಸಾವಿರವೂ ಸೇರಿ ಒಂದೇ ಸಲಕ್ಕೆ 39 ಸಾವಿರ ಎಣಿಸುವ ಶಕ್ತಿ ನನಗಿರಲಿಲ್ಲ. ಮುಂದಿನ ಚಕ್ರ ಇನ್ನೂ ಹಳೆಯದೇ. ಹಬ್ ಬಂದಾಗಿದೆ, ದಸರೆಯೊಳಗೆ ಕಟ್ಟಿಸಬೇಕು.