ಶಾಲಾ ಸಂಚಿಕೆಯಿಂದ ಶಾಲಾ ನಿಧಿ: ಡಿಜಿಟಲ್ ಪ್ರತಿ ಸಿದ್ಧಪಡಿಸಿ ಮಾರುವ ಬಗೆ

ವಾರ್ಷಿಕ ಸಂಚಿಕೆಯನ್ನು ಅಚ್ಚು ಹಾಕಿಸಿದ ಶಿಕ್ಷಕರಿಗೆ ಅದರ ಕಷ್ಟ ಗೊತ್ತು. ಎಷ್ಟು ಪ್ರತಿ ಬೇಕೆಂಬುದು ಮೊದಲೇ ತಿಳಿಯದು. ಹೆಚ್ಚು ತೆಗೆಸಿದರೆ ಮಿಕ್ಕ ಕಟ್ಟುಗಳು ಮಡಿಕೇರಿಯಂಥ ಊರಿನ ಮಳೆಗಾಲದಲ್ಲಿ ಬೀರುವಿನೊಳಗೇ ಬೂಷ್ಟು ಹಿಡಿಯುತ್ತವೆ, ಕಡಿಮೆ ತೆಗೆಸಿದರೆ ಪ್ರತಿಯೊಂದರ ಖರ್ಚು ಏರುತ್ತದೆ. ಡಿಜಿಟಲ್ ಸಂಚಿಕೆಯಲ್ಲಿ ಹತ್ತನೆಯ ಪ್ರತಿಗೂ ಐನೂರನೆಯ ಪ್ರತಿಗೂ ಬೇರೆ ಖರ್ಚಿಲ್ಲದ ಕಾರಣ, ಬಂದ ಹಣದ ಬಹುಪಾಲು ಶಾಲೆಗೇ ಉಳಿಯುತ್ತದೆ. ಆದರೆ ಆ ಹಣ ಯಾರಿಂದ ಬರಬೇಕು ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಬೇಕು. ತೋಟದ ಕೂಲಿಕಾರರ ಲೈನ್‌ಮನೆಯಿಂದ ನಡೆದು ಬರುವ ಮಗುವಿನ ತಂದೆತಾಯಿಯ ಮುಂದೆ ಇನ್ನೂರು ರೂಪಾಯಿಯ ರಸೀದಿ ಹಿಡಿಯುವುದು ಸರಿಯಲ್ಲ. ಆ ವರ್ಷ ಓದುತ್ತಿರುವ ಪ್ರತಿ ಮಗುವಿನ ಮನೆಗೂ ಸಂಚಿಕೆ ಉಚಿತವಾಗಿಯೇ ತಲುಪಬೇಕು. ಕೊಳ್ಳುವವರು ಆ ಶಾಲೆಯಲ್ಲಿ ಹಿಂದೆ ಓದಿ ಈಗ ಬೆಂಗಳೂರು, ಮೈಸೂರುಗಳಲ್ಲೋ ಸೇನೆಯಲ್ಲೋ ಹೊರದೇಶದಲ್ಲೋ ಇರುವವರು. ಅವರು ಕೊಳ್ಳುವಂತಾಗಬೇಕಾದರೆ ಸಂಚಿಕೆಯ ಅರ್ಧದಷ್ಟು ಪುಟಗಳಲ್ಲಿ ಅವರ ಕಾಲದ ಶಾಲೆ ಇರಬೇಕು.

ಮೊದಲು ಒಪ್ಪಿಗೆ

ಶಾಲೆ ಆರಂಭವಾದ ಜೂನ್ ತಿಂಗಳಲ್ಲೇ ವಿಷಯವನ್ನು ಸಭೆಗೆ ತನ್ನಿ. ಸರ್ಕಾರಿ ಶಾಲೆಯಾದರೆ ಶಾಲಾಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿಯಲ್ಲಿ ನಿರ್ಣಯವಾಗಿ ಅದು ನಡಾವಳಿ ಪುಸ್ತಕಕ್ಕೆ ಏರಲಿ, ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೂ ಬರಹದಲ್ಲಿ ತಿಳಿಸಿ ಅನುಮತಿ ಪಡೆಯಿರಿ. ಹಣವನ್ನು ಯಾವ ಕೆಲಸಕ್ಕೆ ಬಳಸುತ್ತೀರಿ ಎಂಬುದನ್ನು ನಿರ್ಣಯದಲ್ಲೇ ಹೆಸರಿಸುವುದು ಒಳ್ಳೆಯದು: "ಶಾಲೆಯ ಅಭಿವೃದ್ಧಿಗಾಗಿ" ಎಂದರೆ ಯಾರ ಕಿವಿಗೂ ಬೀಳುವುದಿಲ್ಲ, "ಹೆಣ್ಣುಮಕ್ಕಳ ಶೌಚಾಲಯದ ಸೋರುವ ಮಾಡಿಗಾಗಿ" ಎಂದರೆ ಬೀಳುತ್ತದೆ.

ಜೊತೆಗೆ ಮಕ್ಕಳ ಪೋಷಕರಿಂದ ಒಪ್ಪಿಗೆ ಪತ್ರ ಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷ ತುಂಬದವರೆಲ್ಲರೂ ಮಕ್ಕಳೇ, ಅವರ ಮಾಹಿತಿಯನ್ನು ಬಳಸುವ ಮುನ್ನ ಹೆತ್ತವರ ಒಪ್ಪಿಗೆ ಇರಬೇಕು. ಕಾಯ್ದೆಯ ಮಾತು ಹಾಗಿರಲಿ, ಪಿಡಿಎಫ್ ಕಡತವೊಂದು ಒಮ್ಮೆ ವಾಟ್ಸ್‌ಆ್ಯಪ್‌ಗೆ ಬಿದ್ದರೆ ಅದು ಎಲ್ಲಿಯವರೆಗೆ ಹೋಗುತ್ತದೆಂದು ಹೇಳಲಾಗದು. ಆದ್ದರಿಂದ ಎರಡು ಆವೃತ್ತಿ ಮಾಡುವುದು ನನ್ನ ಸಲಹೆ. ಮಕ್ಕಳ ಬಿಡಿ ಫೋಟೋ ಮತ್ತು ಹೆಸರುಗಳಿರುವ ಆವೃತ್ತಿ ಅವರ ಮನೆಗಳಿಗೆ ಮಾತ್ರ. ಮಾರಾಟದ ಆವೃತ್ತಿಯಲ್ಲಿ ಈಗಿನ ಮಕ್ಕಳ ಗುಂಪು ಫೋಟೋಗಳಿದ್ದರೆ ಸಾಕು, ಅದೂ ಒಪ್ಪಿಗೆ ಕೊಟ್ಟವರದು ಮಾತ್ರ. ವಿಳಾಸ, ಹುಟ್ಟಿದ ದಿನಾಂಕ, ಫೋನ್ ನಂಬರುಗಳು ಎರಡರಲ್ಲೂ ಬೇಡ.

ಮಳೆಗಾಲದಲ್ಲಿ ಹಳೆಯ ಫೋಟೋಗಳು

ಜೂನ್‌ನಿಂದ ಆಗಸ್ಟ್‌ವರೆಗೆ ಹೊರಗೆ ಫೋಟೋ ತೆಗೆಯುವ ಬೆಳಕೇ ಇರುವುದಿಲ್ಲ, ಮಳೆಯ ರಜೆಗಳೂ ಬರುತ್ತವೆ. ಒಳಗೆ ಕೂತು ಹಳೆಯದನ್ನು ಸ್ಕ್ಯಾನ್ ಮಾಡಲು ಇದೇ ಕಾಲ. ಬಿಡಿ ಫೋಟೋಗಳನ್ನು 600 ಡಿಪಿಐನಲ್ಲಿ, ಎಂದರೆ ಅಂಗುಲಕ್ಕೆ 600 ಚುಕ್ಕೆಯಂತೆ, ಸ್ಕ್ಯಾನ್ ಮಾಡಿದರೆ ಕೊನೆಯ ಸಾಲಿನ ಮುಖವನ್ನೂ ದೊಡ್ಡದು ಮಾಡಿ ನೋಡಬಹುದು. ಹಿಂಬದಿಯನ್ನೂ ತಪ್ಪದೆ ಸ್ಕ್ಯಾನ್ ಮಾಡಿ, ಸ್ಟುಡಿಯೋದ ಮೊಹರೂ ಪೆನ್ಸಿಲಿನಲ್ಲಿ ಬರೆದ ಇಸವಿಯೂ ಇರುವುದು ಅಲ್ಲಿಯೇ.

ಕಟ್ಟು ಹಾಕಿ ಗೋಡೆಗೆ ತೂಗಿದ ಫೋಟೋಗಳ ವಿಷಯದಲ್ಲಿ ಎಚ್ಚರ ಬೇಕು. ವರ್ಷಗಟ್ಟಲೆ ತೇವ ಕುಡಿದ ಫೋಟೋ ಗಾಜಿಗೆ ಅಂಟಿಕೊಂಡಿರುತ್ತದೆ. ಅಂಥದೊಂದನ್ನು ನಾನೇ ಅವಸರದಲ್ಲಿ ಬಿಡಿಸಲು ಹೋಗಿ, ಎರಡನೆಯ ಸಾಲಿನ ಮೂವರ ಮುಖಗಳು ಗಾಜಿನ ಮೇಲೆಯೇ ಉಳಿದದ್ದನ್ನು ಕಂಡಿದ್ದೇನೆ. ಅಂಟಿದ್ದರೆ ಬಿಡಿಸಬೇಡಿ. ಕಟ್ಟನ್ನು ಕಿಟಕಿಯ ಪಕ್ಕದ ಮೇಜಿನ ಮೇಲೆ ಮಲಗಿಸಿ, ಗಾಜನ್ನು ಒಣಬಟ್ಟೆಯಿಂದ ಒರೆಸಿ, ಬೆಳಕು ಒಂದು ಬದಿಯಿಂದ ಬೀಳುವಂತೆ ನೋಡಿಕೊಂಡು, ಫ್ಲ್ಯಾಶ್ ಇಲ್ಲದೆ ನೇರ ಮೇಲಿನಿಂದ ಮೊಬೈಲಿನಲ್ಲಿ ತೆಗೆಯಿರಿ. ಫೋನು ಹಿಡಿದ ಕೈಯ ಪ್ರತಿಬಿಂಬ ಗಾಜಿನಲ್ಲಿ ಕಾಣಿಸಿದರೆ ಫೋನಿಗೆ ಸುತ್ತ ಕಪ್ಪು ಬಟ್ಟೆಯೊಂದನ್ನು ಹಿಡಿದರಾಯಿತು.

ಹೆಸರು ಹೊಂದಿಸುವುದು ಇದಕ್ಕಿಂತ ನಿಧಾನದ ಕೆಲಸ. ಕೊಡವರ ಹೆಸರಿನಲ್ಲಿ ಮನೆತನ ಮೊದಲು ಬರುತ್ತದೆ, ಶಾಲೆಯ ದಾಖಲೆಗಳಲ್ಲೋ ಅದು ಬರಿಯ ಇನಿಷಿಯಲ್ ಆಗಿರುತ್ತದೆ. 1949ರಲ್ಲಿ ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ಕೆ.ಎಂ. ಕಾರ್ಯಪ್ಪನವರ ಆ "ಕೆ" ಕೊಡಂದೇರ ಎಂಬುದು ಎಲ್ಲರಿಗೂ ಗೊತ್ತು, ನಿಮ್ಮ ಶಾಲೆಯ ಮೂವರು "ಕೆ.ಎಂ."ಗಳು ಯಾವ ಯಾವ ಒಕ್ಕದವರೆಂದು (ಮನೆತನದವರೆಂದು) ಹೇಳಬಲ್ಲವರು ಊರಿನಲ್ಲಿ ಒಬ್ಬಿಬ್ಬರು ಹಿರಿಯರು ಮಾತ್ರ. ದಾಖಲಾತಿ ವಹಿಯನ್ನು ಎದುರಿಗಿಟ್ಟುಕೊಂಡು ಅವರ ಮನೆಗೇ ಹೋಗಿ ಕೇಳಿ, ಮನೆತನದ ಹೆಸರನ್ನು ಪೂರ್ತಿಯಾಗಿ ಬರೆದುಕೊಳ್ಳಿ. ಕೊಂಡವರು ಮೊದಲು ಹುಡುಕುವುದು ಅದನ್ನೇ.

ಪುಟ ಕಟ್ಟುವುದು

ಈಗಿನ ಮಕ್ಕಳ ಗುಂಪು ಫೋಟೋ, ಆಟದ ಮೈದಾನ, ಬಿಸಿಯೂಟದ ಅಡುಗೆಮನೆ ಇವನ್ನೆಲ್ಲ ದಸರೆಯ ರಜೆ ಮುಗಿದ ಮೇಲೆ ಬಿಸಿಲು ಬಂದಾಗ ತೆಗೆದುಕೊಳ್ಳಿ. ಪುಟವಿನ್ಯಾಸಕ್ಕೆ ಕ್ಯಾನ್ವಾ ಆಗಬಹುದು, ಉಚಿತವಾಗಿ ಸಿಗುವ ಲಿಬ್ರೆ ಆಫೀಸ್ ಕೂಡ ಸಾಕು. ಅಕ್ಷರ ಮಾತ್ರ ಎಲ್ಲ ಕಂಪ್ಯೂಟರು, ಫೋನುಗಳೂ ಓದಬಲ್ಲ ಯೂನಿಕೋಡಿನಲ್ಲೇ ಇರಲಿ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಪುಟ ಕಣ್ಣಿಗೆ ಸರಿಯಾಗಿ ಕಂಡರೂ, ಹುಡುಕು ಎಂದು ಹೆಸರು ಕೊಟ್ಟರೆ ಏನೂ ಸಿಗುವುದಿಲ್ಲ. ಪಿಡಿಎಫ್ ಮಾಡಿದ ಮೇಲೆ ಒತ್ತಕ್ಷರವಿರುವ ನಾಲ್ಕಾರು ಹೆಸರುಗಳನ್ನು ನೀವೇ ಹುಡುಕಿ ನೋಡಿ.

ಕಡತದ ಗಾತ್ರವನ್ನೂ ಮರೆಯಬಾರದು. ಜಿಮೇಲ್ ಲಗತ್ತು 25 ಎಂಬಿಯನ್ನು ಮೀರುವಂತಿಲ್ಲ, ಬೆಟ್ಟದ ಮರೆಯ ಊರುಗಳಲ್ಲಿ ಅಷ್ಟು ಇಳಿಸಿಕೊಳ್ಳುವುದೂ ಕಷ್ಟ. ಫೋಟೋಗಳನ್ನು 150 ಡಿಪಿಐಗೆ ಇಳಿಸಿದ ಹಗುರ ಪ್ರತಿಯನ್ನು ಫೋನಿಗೆಂದು, 300 ಡಿಪಿಐನದನ್ನು ಅಚ್ಚು ಹಾಕಿಸಿಕೊಳ್ಳಲು ಬಯಸುವವರಿಗೆಂದು ಬೇರೆ ಬೇರೆಯಾಗಿ ಇಡಿ.

ಮಾರಾಟ ಮತ್ತು ಲೆಕ್ಕ

ಬಿಡುಗಡೆಯ ನಂತರ ಮಾರುತ್ತೇವೆ ಎಂದುಕೊಂಡರೆ ಮಾರಾಟವಾಗುವುದಿಲ್ಲ. ಒಬ್ಬರು ಕೊಂಡು ಐವತ್ತು ಜನಕ್ಕೆ ಕಳುಹಿಸುತ್ತಾರೆ. ಮುಂಗಡ ಪಡೆದು, ಪಟ್ಟಿ ಮುಚ್ಚಿ, ಆಮೇಲೆ ಕಡತ ಕಳುಹಿಸುವುದೇ ದಾರಿ. ಕೊಡಗಿನ ಸುಗ್ಗಿಹಬ್ಬವಾದ ಹುತ್ತರಿಗೆ ದೂರದವರೆಲ್ಲ ಐನ್‌ಮನೆಗೆ (ಮನೆತನದ ಮೂಲಮನೆಗೆ) ಬಂದಾಗ ಹಳೆಯ ತರಗತಿಯ ಒಂದು ಫೋಟೋ ಹಂಚಿ ಮುಂಗಡದ ಪಟ್ಟಿ ತೆರೆಯಿರಿ. ಜಾಹೀರಾತಿಗೆ ಹೋಂಸ್ಟೇಯವರನ್ನೂ ತೋಟದವರನ್ನೂ ಕೇಳುವುದಾದರೆ ಕಾಫಿ ಕೊಯ್ಲು ಮುಗಿದು ಕೈಯಲ್ಲಿ ಹಣ ಆಡುವ ಹೊತ್ತಿಗೆ ಕೇಳಿ, ಮಳೆಗಾಲದಲ್ಲಿ ಕೇಳಿದರೆ ಕಾಫಿ ಕುಡಿಸಿ ಕಳುಹಿಸುತ್ತಾರೆ ಅಷ್ಟೆ. 1997ರಲ್ಲಿ ಕರಡದಲ್ಲಿ ಆರಂಭವಾದ ಕೊಡವ ಕುಟುಂಬಗಳ ಹಾಕಿ ಹಬ್ಬ ಬೇಸಿಗೆಯಲ್ಲಿ ನಡೆಯುವುದರಿಂದ ಪಟ್ಟಿಯನ್ನು ಅಲ್ಲಿಯವರೆಗೆ ತೆರೆದಿಡಬಹುದು.

ಲೆಕ್ಕ ಹೇಗಿರಬಹುದೆಂದು ತಿಳಿಯಲು ಹೀಗೆ ಎಣಿಸಿಕೊಳ್ಳಿ: ಪ್ರತಿಗೆ 200 ರೂಪಾಯಿಯಂತೆ 250 ಪ್ರತಿಗೆ 50,000, ಪುಟಕ್ಕೆ 2,500ರಂತೆ ಎಂಟು ಜಾಹೀರಾತಿಗೆ 20,000, ಒಟ್ಟು 70,000. ಫೋಟೋಗ್ರಾಫರು, ಬೆರಳಚ್ಚು, ಓಡಾಟಕ್ಕೆ 15,000 ಕಳೆದರೂ 55,000 ಉಳಿಯುತ್ತದೆ. ಹಣ ಶಾಲೆಯ ಅಥವಾ ಸಮಿತಿಯ ಖಾತೆಗೇ ಬರಬೇಕು, ಯಾವ ಶಿಕ್ಷಕರ ಫೋನಿನ ಯುಪಿಐಗೂ ಬೇಡ. ಹೊರದೇಶದವರು ಬೆಲೆಗಿಂತ ಹೆಚ್ಚು ಸೇರಿಸಿ ದೇಣಿಗೆ ಕೊಡಲು ಮುಂದಾದರೆ ಅವರ ಪಾಸ್‌ಪೋರ್ಟ್ ಯಾವುದೆಂದು ಕೇಳಿ. ಭಾರತದ ಪೌರರು ತಮ್ಮ ದುಡಿಮೆಯ ಹಣವನ್ನು ಬ್ಯಾಂಕಿನ ಮೂಲಕ ಕಳುಹಿಸಿದರೆ ತೊಡಕಿಲ್ಲ. ಬೇರೆ ದೇಶದ ಪೌರತ್ವ ಪಡೆದವರ ದೇಣಿಗೆ, ಒಸಿಐ (ಸಾಗರೋತ್ತರ ಭಾರತೀಯ ಪೌರ) ಕಾರ್ಡ್ ಇದ್ದರೂ, 2010ರ ವಿದೇಶಿ ವಂತಿಗೆ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ, ಅದರಡಿ ನೋಂದಣಿಯೋ ಪೂರ್ವಾನುಮತಿಯೋ ಇಲ್ಲದ ಶಾಲೆ ಅದನ್ನು ಪಡೆಯುವಂತಿಲ್ಲ.

ಕಳುಹಿಸುವಾಗಲೇ, ತಪ್ಪುಗಳನ್ನು ಹದಿನೈದು ದಿನದೊಳಗೆ ತಿಳಿಸಿದರೆ ತಿದ್ದಿದ ಪ್ರತಿಯನ್ನು ಮತ್ತೊಮ್ಮೆ ಕೊಡುವುದಾಗಿ ಬರೆಯಿರಿ. ಎರಡನೆಯ ಸಾಲಿನಲ್ಲಿ ಎಡದಿಂದ ನಾಲ್ಕನೆಯವನು ತಾನಲ್ಲ, ತನ್ನ ತಮ್ಮ ಎನ್ನುವ ಫೋನು ಅದೇ ದಿನ ಸಂಜೆ ಬಂದೇ ಬರುತ್ತದೆ.