ಎರಡು ಸೈನ್ಯ ಕಂಡ ಟ್ಯಾಂಕಿಗೆ ಎರಡು ಸಲ ಬಣ್ಣ

ಯುದ್ಧದಲ್ಲಿ ಶತ್ರುವಿನಿಂದ ವಶಪಡಿಸಿಕೊಂಡ ಟ್ಯಾಂಕಿನ ಕಿಟ್ (ಬಿಡಿಭಾಗ ಜೋಡಿಸಿ ಕಟ್ಟುವ ಪುಟ್ಟ ಮಾದರಿ) ಕಟ್ಟಲು ಕೂರುವವರಿಗೆ ನನ್ನದು ಒಂದೇ ಮಾತು: ಎರಡು ಸಲ ಬಣ್ಣ ಹೊಡೆಯಿರಿ. ಮೊದಲು ಕಳೆದುಕೊಂಡವರ ಬಣ್ಣ, ಅದರ ಮೇಲೆ ಕಿತ್ತುಕೊಂಡವರ ಬಣ್ಣ. ಒಂದೇ ಸಲ ಹಳದಿ ಬಳಿದು ಶಿಲುಬೆಯ ಗುರುತು ಅಂಟಿಸಿದರೆ ಅದು ಕಾರ್ಖಾನೆಯಿಂದ ಈಗಷ್ಟೇ ಬಂದ ಜರ್ಮನ್ ಗಾಡಿಯ ಹಾಗೆ ಕಾಣುತ್ತದೆ. ಅದು ಕೈ ಬದಲಾದ ಕಥೆ ಕಾಣುವುದಿಲ್ಲ.

ಆ ಕಥೆಯ ಸೆಳೆತ ನನಗೆ ಹತ್ತಿದ್ದು ಅಹಮದ್‌ನಗರದ ಟ್ಯಾಂಕ್ ಮ್ಯೂಸಿಯಂನಲ್ಲಿ, ಪಾಕಿಸ್ತಾನದಿಂದ ನಮ್ಮ ಸೈನ್ಯ ವಶಪಡಿಸಿಕೊಂಡ ಪ್ಯಾಟನ್ ಟ್ಯಾಂಕಿನ ಎದುರು ನಿಂತಾಗ. ತೀರ್ಥಹಳ್ಳಿಗೆ ವಾಪಸು ಬಂದವನು ತಮಿಯಾ ಕಂಪನಿಯ ಟಿ-34/76 ಕಿಟ್ ತರಿಸಿದೆ, 1:35 ಅಳತೆಯದ್ದು, ಅಂದರೆ ನಿಜದ ಗಾಡಿಯ ಮೂವತ್ತೈದನೇ ಒಂದು ಭಾಗ. ಟಿ-34 ಎರಡನೇ ಮಹಾಯುದ್ಧದ ರಷ್ಯಾದ ಟ್ಯಾಂಕು. 1943ರ ಮಾರ್ಚ್‌ನಲ್ಲಿ ಜರ್ಮನ್ನರು ಖಾರ್ಕೋವ್ ನಗರವನ್ನು ಮತ್ತೆ ಹಿಡಿದಾಗ ಅಲ್ಲಿನ ಟ್ರ್ಯಾಕ್ಟರ್ ಕಾರ್ಖಾನೆಯಲ್ಲಿ ರಿಪೇರಿಗೆ ನಿಂತಿದ್ದ ಟಿ-34ಗಳು ಅವರ ಕೈಸೇರಿದವು. ನಾಜಿಗಳ ಎಸ್‌ಎಸ್ ಪಡೆಯ ದಾಸ್ ರೈಖ್ ಎಂಬ ಡಿವಿಜನ್ ಅವನ್ನೇ ಜುಲೈನಲ್ಲಿ ಕುರ್ಸ್ಕ್ ಕಾಳಗಕ್ಕೆ ಇಳಿಸಿತು. ಜರ್ಮನ್ ಕಡತದಲ್ಲಿ ಅವುಗಳ ಹೆಸರು ಟಿ-34 747(ಆರ್). ಕೊನೆಯ 'ಆರ್' ಅಂದರೆ ರಷ್ಯಾದ್ದು ಅಂತ.

ಟಿ-34ರಲ್ಲಿ ಇದ್ದವರು ನಾಲ್ಕೇ ಜನ. ಕಮಾಂಡರನೇ ತೋಪನ್ನೂ ಹಾರಿಸಬೇಕು, ಸುತ್ತಲೂ ನೋಡಲು ಸರಿಯಾದ ಕಿಂಡಿಯೂ ಇಲ್ಲ. ಅದಕ್ಕೇ ಜರ್ಮನ್ನರು ತಮ್ಮ ಪ್ಯಾನ್ಜರ್ ಟ್ಯಾಂಕಿನ, ಸುತ್ತಲೂ ಕಿಂಡಿಗಳಿರುವ ದುಂಡು ಗುಮ್ಮಟವನ್ನು ತಂದು ಕೆಲವು ಗಾಡಿಗಳ ನೆತ್ತಿಗೆ ಕೂರಿಸಿದರು. ಹಳೆಯ ಪ್ಯಾನ್ಜರ್ 4 ಕಿಟ್ಟಿನಲ್ಲಿ ಉಳಿದಿದ್ದ ಅಂಥದೇ ಗುಮ್ಮಟ ನನ್ನ ಬಿಸ್ಕತ್ತು ಡಬ್ಬಿಯಲ್ಲಿತ್ತು. ಟಿ-34ರ ಎಡಗಡೆಯ ಮುಚ್ಚಳವನ್ನು ಕೊರೆದು ತೆಗೆದು, ಅಂಚನ್ನು ಉಪ್ಪುಕಾಗದದಲ್ಲಿ ಉಜ್ಜಿ ಕೂರಿಸಿದೆ. ಸುತ್ತ ಬೆಸುಗೆಯ ಗೆರೆ ಬೇಕಲ್ಲ, ಅದಕ್ಕೆ ಪುಟ್ಟಿಯನ್ನು ದಾರದ ಹಾಗೆ ಹೊಸೆದು ಇಟ್ಟು ಸೂಜಿಯಿಂದ ಚುಚ್ಚುತ್ತ ಹೋದೆ. ಆ ಒಂದು ಉಂಗುರಕ್ಕೆ ಎರಡು ಸಂಜೆ ಹಿಡಿಯಿತು. ಇಡೀ ಗಾಡಿಯಲ್ಲಿ ನನಗೆ ಅತಿ ಪ್ರೀತಿಯ ಜಾಗ ಅದೇ.

ಇನ್ನು ಬಣ್ಣ. ಮೊದಲು ರಷ್ಯಾದ ಹಸಿರನ್ನು ನೀರಿಗೆ ಕರಗದ ಲ್ಯಾಕರ್ ಬಣ್ಣದಲ್ಲಿ ಹೊಡೆದು, ತೋಪು ಕೂರುವ ಗೋಪುರದ ಮೇಲೆ ಬಿಳಿ ನಂಬರನ್ನೂ ಬರೆದೆ. ಒಂದು ದಿನ ಒಣಗಲು ಬಿಟ್ಟು ಅದರ ಮೇಲೆ ಹೇರ್‌ಸ್ಪ್ರೇ, ಆಮೇಲೆ ನೀರಿನಲ್ಲಿ ತೆಳುಮಾಡಿದ ಅಕ್ರಿಲಿಕ್ ಗಾಢ ಹಳದಿ. 1943ರ ಫೆಬ್ರವರಿಯಿಂದ ಜರ್ಮನ್ ಟ್ಯಾಂಕುಗಳ ಮೂಲಬಣ್ಣ ಅದು. ಅರ್ಧ ಗಂಟೆ ಬಿಟ್ಟು ಬ್ರಷ್ಷನ್ನು ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ತಿಕ್ಕಿದರೆ ಕೆಳಗಿನ ಹೇರ್‌ಸ್ಪ್ರೇ ಕರಗಿ ಹಳದಿ ಏಳುತ್ತದೆ, ಒಳಗಿನ ಹಸಿರು ಇಣುಕುತ್ತದೆ. ಎಲ್ಲ ಕಡೆ ತಿಕ್ಕಬಾರದು. ಮುಚ್ಚಳದ ಅಂಚು, ಸೈನಿಕರು ಹಿಡಿದು ಹತ್ತುವ ಕಂಬಿ, ಬೂಟು ಇಡುವ ಜಾಗ, ಇಷ್ಟೇ ಸಾಕು. ನಂಬರಿನ ಮೇಲೆ ಹಳದಿಯನ್ನು ಬೇಕೆಂದೇ ತೆಳ್ಳಗೆ ಬಿಟ್ಟೆ. ಓರೆಯಾಗಿ ಬೆಳಕು ಬಿದ್ದರೆ ಹಳೆಯ ಅಂಕಿ ಮಸುಕಾಗಿ ಕಾಣುತ್ತದೆ.

ಇಷ್ಟೆಲ್ಲ ಆದಮೇಲೆ ಎಡವಿದೆ. ಪುನರ್ವಸು ಮಳೆ ಹಿಡಿದಿತ್ತು, ಗೋಡೆಯೇ ಬೆವರುತ್ತಿತ್ತು. ಅಂಥ ದಿನ ಹೊಳಪಿಲ್ಲದ ಮ್ಯಾಟ್ ವಾರ್ನಿಷ್ ಸ್ಪ್ರೇ ಹೊಡೆದೆ. ಹತ್ತೇ ನಿಮಿಷಕ್ಕೆ ಗೋಪುರವೆಲ್ಲ ವಿಭೂತಿ ಬಳಿದಂತೆ ಬೆಳ್ಳಗಾಯಿತು. ದ್ರಾವಕ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ನೀರಿನಂಶ ಅದರಲ್ಲಿ ಸೇರಿಕೊಳ್ಳುತ್ತದೆ. ಎರಡು ತಿಂಗಳ ಕೆಲಸ ಹೋಯಿತೆಂದು ಅವತ್ತು ರಾತ್ರಿ ಊಟ ಸೇರಲಿಲ್ಲ. ಮಳೆ ಹೊಳವಾದ ಒಂದು ಮಧ್ಯಾಹ್ನ ಹೊಳಪಿನ ವಾರ್ನಿಷ್ ತೆಳ್ಳಗೆ ಹೊಡೆದಾಗ ಬಿಳುಪು ಕರಗಿತು, ಜೀವ ಬಂತು. ಈಗ ಮಳೆಗಾಲದಲ್ಲಿ ಕತ್ತರಿಸುವುದು, ಉಜ್ಜುವುದು, ಅಂಟಿಸುವುದು ಮಾತ್ರ. ಬಣ್ಣದ ಡಬ್ಬಿ ತೆರೆಯುವುದು ದೀಪಾವಳಿ ಕಳೆದ ಮೇಲೆ.

ಶಿಲುಬೆಗೆ ಡೆಕಾಲ್ (ಕಿಟ್ಟಿನ ಜೊತೆ ಬರುವ ಅಂಟಿಸುವ ಚಿತ್ರ) ಬಳಸಲಿಲ್ಲ. ತಮ್ಮವರೇ ಶತ್ರುವೆಂದು ಗುಂಡು ಹೊಡೆಯದಿರಲಿ ಎಂದು ಜರ್ಮನ್ನರು ಈ ಟ್ಯಾಂಕುಗಳ ಮೇಲೆ ದೊಡ್ಡ ದೊಡ್ಡ ಶಿಲುಬೆ ಬರೆಯುತ್ತಿದ್ದರು. ಮಾಸ್ಕಿಂಗ್ ಟೇಪನ್ನು ಗಾಜಿನ ಮೇಲೆ ಅಂಟಿಸಿ ಕತ್ತರಿಸಿ ಅಚ್ಚು ಮಾಡಿಕೊಂಡೆ. ಬಿಳಿ ಅಂಚನ್ನು ಕೈಯಿಂದಲೇ ಎಳೆದೆ. ಸ್ವಲ್ಪ ಸೊಟ್ಟಗಿದೆ, ಹಾಗೇ ಬಿಟ್ಟೆ. ವಿಮಾನದವರಿಗೆ ಕಾಣಲೆಂದು ಟ್ಯಾಂಕಿನ ಮೇಲೆ ನಾಜಿ ಬಾವುಟ ಹಾಸುವುದೂ ಇತ್ತು. ಆ ಬಾವುಟ ನನ್ನ ಮನೆಯೊಳಗೆ ಬೇಡ.

ಟಿ-34ರ ಚೈನು ಮೇಲ್ಭಾಗದಲ್ಲಿ ಚಕ್ರಗಳ ಮೇಲೆಯೇ ಜೋತು ಕೂರುತ್ತದೆ, ಅದನ್ನು ಎತ್ತಿ ಹಿಡಿಯುವ ಸಣ್ಣ ರೋಲರ್‌ಗಳು ಇದರಲ್ಲಿಲ್ಲ. ಕಿಟ್ಟಿನ ರಬ್ಬರಿನಂಥ ಚೈನನ್ನು ಒಂದೊಂದು ಚಕ್ರಕ್ಕೂ ಒತ್ತಿ ಸೂಪರ್ ಗ್ಲೂ ಹಾಕಿದೆ.

ಕೊನೆಗೆ ಕೆಸರು. ಮೊದಲು ನಮ್ಮ ತೋಟದ ಕೆಂಪು ಮಣ್ಣು ಬಳಿದಿದ್ದೆ. ನೋಡಿದರೆ ಟ್ಯಾಂಕು ಆಗುಂಬೆ ಘಾಟಿ ಹತ್ತಿ ಬಂದಂತಿತ್ತು! ಕುರ್ಸ್ಕ್, ಖಾರ್ಕೋವ್ ಕಡೆಯದು ಕಪ್ಪು ನೆಲ. ಎಲ್ಲ ತೊಳೆದು, ನವಲಗುಂದದ ಭಾವನಿಗೆ ಫೋನ್ ಮಾಡಿದೆ. ಮುಂದಿನ ಸಲ ಬಂದಾಗ ಅವರು ಡಬ್ಬಿ ತುಂಬ ಎರೆಮಣ್ಣು ತಂದು ಕೈಗಿಟ್ಟರು. "ಇಷ್ಟು ಸಾಕೇನಪಾ? ಹೊಲ ತುಂಬ ಐತಿ, ಚೀಲದಾಗ ತರ್ತಿದ್ದೆ" ಅಂದರು. ವಸ್ತ್ರಗಾಳಿತ ಮಾಡಿ, ಫೆವಿಕಾಲ್ ನೀರಿನಲ್ಲಿ ಕಲಸಿ ಚೈನಿನ ಸಂದಿಗೆ ತುಂಬಿದ್ದು ಎರಡು ಚಮಚ ಅಷ್ಟೇ. ಉಳಿದದ್ದನ್ನು ಮುಚ್ಚಿಟ್ಟಿದ್ದೇನೆ, ಕುರ್ಸ್ಕ್‌ನದೇ ಇನ್ನೊಂದು ಗಾಡಿ ಕಟ್ಟುವುದಿದೆ.