ಬಂದವರದೇ ಆಟ: ನನ್ನ ಕ್ಯಾಂಪೇನ್ ನಿಲ್ಲದೆ ನಡೆದ ಬಗೆ

ಮೂರು ವರ್ಷದ ಹತ್ತಿರ ಬಂತು, ನನ್ನ ಡಿ&ಡಿ ಕ್ಯಾಂಪೇನ್ ಇನ್ನೂ ನಡೆಯುತ್ತಿದೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂದರೆ ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ದಾಳ ಉರುಳಿಸಿ ಆಡುವ ಸಾಹಸದ ಆಟ; ಕ್ಯಾಂಪೇನ್ ಅಂದರೆ ಸೆಷನ್ ಮೇಲೆ ಸೆಷನ್ ಮುಂದುವರಿಯುವ ಒಂದೇ ಆಟ. ಹೆಚ್ಚುಕಡಿಮೆ ಎರಡು ವಾರಕ್ಕೊಂದು ಸೆಷನ್. ಆ ದಿನ ಯಾರು ಬರುತ್ತಾರೋ ಅವರನ್ನೇ ಕೂರಿಸಿ ಆಡಿಸುವ ಪದ್ಧತಿ ಇದು. ಶುರು ಮಾಡುವಾಗ ಅನುಭವಿ ಡಿಎಂಗಳಿಬ್ಬರು (ಡಿಎಂ ಅಂದರೆ ಆಟದ ಜಗತ್ತು ಕಟ್ಟಿ ಆಟ ನಡೆಸುವವರು) "ಇದು ಆರು ತಿಂಗಳೂ ಬಾಳಲ್ಲ, ಇದರಲ್ಲಿ ಕಥೆನೇ ಹುಟ್ಟಲ್ಲ" ಎಂದಿದ್ದರು. ಅವರಲ್ಲಿ ಒಬ್ಬರು ಈಗ ನನ್ನ ಟೇಬಲ್‌ನಲ್ಲೇ ರೋಗ್ (ಕಳ್ಳಹೆಜ್ಜೆಯ ಚತುರ ಪಾತ್ರ) ಆಡುತ್ತಾರೆ. ಹೇಗೆ ಮಾಡಿದೆ ಎಂದು ಬರೆಯುವ ಧೈರ್ಯ ಬಂದದ್ದು ಅದಕ್ಕೇ.

ಹಿಂದಿನ ಎರಡು ಕ್ಯಾಂಪೇನ್‌ಗಳನ್ನೂ ಕೊಂದದ್ದು ಕ್ಯಾಲೆಂಡರ್. ಐದು ಜನ ಆಟಗಾರರು, ಪ್ರತಿಯೊಬ್ಬರೂ ಐದು ಸಲದಲ್ಲಿ ನಾಲ್ಕು ಸಲ ಬಂದೇ ಬರುತ್ತಾರೆ ಎಂದಿಟ್ಟುಕೊಳ್ಳಿ. ಒಳ್ಳೆಯ ಹಾಜರಿಯೇ. ಆದರೂ ಐವರೂ ಒಂದೇ ದಿನ ಸಿಗುವ ಸಂಭವ ಸುಮಾರು ಶೇ. 33 ಮಾತ್ರ. ಮೂರು ಸಲ ಕರೆದರೆ ಎರಡು ಸಲ ಯಾರೋ ಒಬ್ಬರಿಲ್ಲ. "ಅವಳಿಲ್ಲದೆ ಆ ಅಧ್ಯಾಯ ಬೇಡ, ಮುಂದಿನ ವಾರ ನೋಡೋಣ" ಎಂಬ ಮೆಸೇಜ್ ಎರಡು ಸಲ ಬಂದರೆ ಕ್ಯಾಂಪೇನ್ ಮುಗಿದಂತೆಯೇ. ಆದರೆ ಅದೇ ಐವರಲ್ಲಿ ಮೂವರಾದರೂ ಬರುವ ಸಂಭವ ಶೇ. 94. ನನ್ನ ಇಡೀ ಪದ್ಧತಿ ನಿಂತಿರುವುದು ಈ ಎರಡು ಅಂಕಿಗಳ ಮೇಲೆ.

ಮೂಲ ಉಪಾಯ ನನ್ನದಲ್ಲ. ಆಟ ರೂಪಿಸುವ ಬೆನ್ ರಾಬಿನ್ಸ್ ವೆಸ್ಟ್ ಮಾರ್ಚಸ್ ಎಂಬ ತಮ್ಮ ಕ್ಯಾಂಪೇನ್ ಬಗ್ಗೆ 2007ರಲ್ಲಿ ಬರೆದದ್ದು: ನಿಗದಿತ ದಿನವಿಲ್ಲ, ನಿಗದಿತ ತಂಡವಿಲ್ಲ, ಮೊದಲೇ ಹೆಣೆದಿಟ್ಟ ಕಥೆಯಿಲ್ಲ. ದಿನ ಗೊತ್ತು ಮಾಡುವುದೂ ಆಟಗಾರರ ಕೆಲಸ. ಆ ಒಂದನ್ನು ನಾನು ಕೈಬಿಟ್ಟೆ. ಆಟಗಾರರಿಗೆ ಬಿಟ್ಟರೆ ಗ್ರೂಪ್‌ನಲ್ಲಿ ಪೋಲ್ ಮೇಲೆ ಪೋಲ್ ಬೀಳುತ್ತವೆ, ಆಟ ಮಾತ್ರ ಆಗುವುದಿಲ್ಲ. ದಿನ ನನ್ನದು. ಮೂವರು ಬಂದರೆ ಆಟ, ಇಬ್ಬರೇ ಆದರೆ ಬೋರ್ಡ್ ಗೇಮ್. ಎಲ್ಲಿಗೆ ಹೋಗುತ್ತೇವೆ ಎಂಬುದನ್ನು ಬರುವವರು ಎರಡು ದಿನ ಮುಂಚೆ ಹೇಳಲೇಬೇಕು. ಪಾಳು ಗೋಪುರ ಎಂದರೆ ಗೋಪುರವಷ್ಟನ್ನೇ ತಯಾರು ಮಾಡುತ್ತೇನೆ. ಮೊದಲು ಒಂದು ಸೆಷನ್ನಿಗೆ ಐದಾರು ಗಂಟೆ ಕೂರುತ್ತಿದ್ದವನಿಗೆ ಈಗ ಒಂದೂವರೆ ಗಂಟೆ ಸಾಕು.

ಕಟ್ಟುನಿಟ್ಟಿನ ನಿಯಮ ಒಂದೇ: ಸೆಷನ್ ಮುಗಿಯುವುದರೊಳಗೆ ಎಲ್ಲ ಪಾತ್ರಗಳೂ ತಾವು ಹೊರಟ ಕೋಟೆಗೆ ವಾಪಸ್ ಬಂದಿರಬೇಕು. ಮುಂದಿನ ಸಲ ಯಾರು ಬರುತ್ತಾರೋ ಗೊತ್ತಿಲ್ಲವಲ್ಲ. ಬರದಿದ್ದರೆ ಒಂದು ಕೋಷ್ಟಕದ ಮೇಲೆ ದಾಳ ಉರುಳುತ್ತದೆ. ಅದರಲ್ಲಿ ಏನಿದೆ ಎಂದು ಇಲ್ಲಿ ಬರೆಯುವುದಿಲ್ಲ, ನನ್ನ ಆಟಗಾರರೂ ಇದನ್ನು ಓದುತ್ತಾರೆ. ಕೊನೇ ಅರ್ಧ ಗಂಟೆಯಲ್ಲಿ ಅವರನ್ನು ಬಾಗಿಲ ಕಡೆ ತಿರುಗಿಸಲು ಮಾಡುವ ಇನ್ನೊಂದು ಕೆಲಸವೂ ಇದೆ, ಅದೂ ಗುಟ್ಟು. ಇಷ್ಟು ಹೇಳಬಲ್ಲೆ: ಗಡಿಯಾರ ಎಲ್ಲರಿಗೂ ಕಾಣುವಂತೆ ಇಡಿ. ನೆಲಮಾಳಿಗೆಯ ಮೂರನೇ ಬಾಗಿಲ ಮುಂದೆ ನಿಂತು, ಟಾರ್ಚ್ ಒಂದೇ ಉಳಿದಿರುವಾಗ, "ಸಾಕು ಕಣ್ರೋ, ವಾಪಸ್ ಹೋಗೋಣ" ಎಂದು ಕ್ಲೆರಿಕ್ (ದೇವರ ಶಕ್ತಿಯಿಂದ ಗಾಯ ವಾಸಿ ಮಾಡುವ ಪಾತ್ರ), "ಒಂದೇ ಒಂದು ಬಾಗಿಲು ಕಣೇ" ಎಂದು ಫೈಟರ್ (ಯೋಧ). ಆ ಜಗಳಕ್ಕೆ ನಾನು ಬಾಯಿ ಹಾಕುವುದೇ ಇಲ್ಲ. ಡಿಎಂ ಕುರ್ಚಿಯಲ್ಲಿ ಕೂತವನಿಗೆ ಅದಕ್ಕಿಂತ ಸುಖದ ಹತ್ತು ನಿಮಿಷ ಬೇರೆ ಇಲ್ಲ.

"ಲೆವೆಲ್ ಏರುಪೇರಾಗುತ್ತೆ, ಹೊಸಬರು ಹಿಂದೆ ಬೀಳ್ತಾರೆ" ಎಂಬುದು ಎಲ್ಲರ ಮೊದಲ ಆಕ್ಷೇಪ. 2014ರ ಐದನೇ ಆವೃತ್ತಿಯ ಎಕ್ಸ್‌ಪಿ ಪಟ್ಟಿಯನ್ನೇ ತೆಗೆದು ನೋಡಿ. ಎಕ್ಸ್‌ಪಿ ಅಂದರೆ ಅನುಭವದ ಅಂಕ, ಅದು ಕೂಡಿದಂತೆ ಪಾತ್ರದ ಲೆವೆಲ್ ಏರುತ್ತದೆ. ಐದನೇ ಲೆವೆಲ್‌ಗೆ 6,500, ಆರನೆಯದಕ್ಕೆ 14,000. ಹಳಬ ಐದರಿಂದ ಆರಕ್ಕೆ ಏರಲು ಇನ್ನೂ 7,500 ಗಳಿಸಬೇಕು. ಜೊತೆಯಲ್ಲೇ ಸಮಪಾಲು ಪಡೆದ ಹೊಸಬ ಸೊನ್ನೆಯಿಂದ ಹೊರಟಿದ್ದರೂ ಅಷ್ಟರಲ್ಲಿ ಐದನೇ ಲೆವೆಲ್ ತಲುಪಿರುತ್ತಾನೆ. ಪಟ್ಟಿಯೇ ಅವನನ್ನು ಎಳೆದುಕೊಂಡು ಬರುತ್ತದೆ.

ತೊಂದರೆ ಇರುವುದು ಆ ನಡುವೆ ಬದುಕಿ ಉಳಿಯುವುದರಲ್ಲಿ. ಒಂದನೇ ಲೆವೆಲ್‌ನ ವಿಜರ್ಡ್‌ಗೆ (ಮಾಂತ್ರಿಕ) ಸಾಮಾನ್ಯವಾಗಿ 8 ಎಚ್‌ಪಿ, ಅಂದರೆ ಜೀವದ ಅಂಕ. ಓಗರ್‌ನ (ದೈತ್ಯ) ಗದೆಯ ಹೊಡೆತ 2ಡಿ8+4, ಅಂದರೆ ಎಂಟು ಮುಖದ ಎರಡು ದಾಳದ ಮೊತ್ತಕ್ಕೆ 4 ಕೂಡಿಸಿದ್ದು, ಸರಾಸರಿ 13. ತಾಗಿದರೆ ಕೆಳಗೆ ಬೀಳುವುದು ಹೆಚ್ಚುಕಡಿಮೆ ಖಾತ್ರಿ. ಹೊಡೆತ ಎಚ್‌ಪಿಯ ಎರಡರಷ್ಟು, ಅಂದರೆ 16 ಅಥವಾ ಮೇಲೆ ಹೋದರೆ ಡೆತ್ ಸೇವ್‌ಗೂ (ಸಾವಿನಿಂದ ಪಾರಾಗಲು ಉರುಳಿಸುವ ದಾಳ) ಅವಕಾಶವಿಲ್ಲ, ಅಲ್ಲೇ ಸಾವು. ಅದು 64ರಲ್ಲಿ 15 ಸಲ. ನನ್ನ ಟೇಬಲ್‌ಗೆ ಬಂದ ಒಬ್ಬ ಹುಡುಗ ಹೆಸರು ಹೇಳಿ ಕೂತ ಮುಕ್ಕಾಲು ಗಂಟೆಗೇ ಹೀಗೆ ಸತ್ತ, ಆಮೇಲೆ ಈ ಕಡೆ ತಲೆ ಹಾಕಲಿಲ್ಲ. ಈಗ ಹೊಸಬರೆಲ್ಲ 900 ಎಕ್ಸ್‌ಪಿಯಿಂದ, ಅಂದರೆ ಮೂರನೇ ಲೆವೆಲ್‌ನಿಂದ ಶುರು. ಒಬ್ಬರೂ ಗೊಣಗಿಲ್ಲ.

ದುಡ್ಡಿನ ಮಾತು. ಹಳೇ ಕ್ಯಾಂಪೇನ್‌ಗಳಿಗೆ ಸುರಿದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಮಿನಿಯೇಚರ್ (ಪಾತ್ರಗಳ ಪುಟ್ಟ ಗೊಂಬೆ), ಬಣ್ಣ, ಬ್ರಷ್‌ಗೇ ಹೋಯಿತು. ಪುಸ್ತಕಗಳ ಖರ್ಚು ಅದರ ಮುಂದೆ ಏನೂ ಅಲ್ಲ. ಬಣ್ಣ ಹಚ್ಚಿಟ್ಟ ಮೂಳೆ ಸೈನಿಕರ ಇಡೀ ದಂಡು ಎರಡು ಸಲ ಟೇಬಲ್ ಏರಿರಬಹುದು. ಆನ್‌ಲೈನ್ ಟೇಬಲ್‌ಗೆ ಕಟ್ಟಿದ ವರ್ಷದ ಚಂದಾದಲ್ಲಿ ಬಳಸಿದ್ದು ನಾಲ್ಕೈದು ಸಲ. ದಪ್ಪ ರಟ್ಟಿನ ಸಾಹಸ ಪುಸ್ತಕವೊಂದು ಮೂರನೇ ಅಧ್ಯಾಯದಲ್ಲೇ ನಿಂತಿದೆ. ಈ ಸಲ ಲ್ಯಾಮಿನೇಟ್ ಮಾಡಿಸಿದ ಚೌಕುಳಿ ಹಾಳೆ, ಅಳಿಸುವ ಮಾರ್ಕರ್, ಶರ್ಟ್ ಗುಂಡಿಗಳು. ಕೆಂಪು ಗುಂಡಿ ಗಾಬ್ಲಿನ್, ಕೋಟಿನ ದೊಡ್ಡ ಗುಂಡಿ ಓಗರ್. ಆಟಗಾರರಿಗೆ ಪುಸ್ತಕ ಕೊಳ್ಳಿ ಎಂದು ಹೇಳುವುದೂ ಇಲ್ಲ. 2023ರ ಜನವರಿಯಲ್ಲಿ ಎಸ್‌ಆರ್‌ಡಿ 5.1 (ಆಟದ ಮೂಲ ನಿಯಮಗಳ ಕಡತ) ಯಾರು ಬೇಕಾದರೂ ಪುಕ್ಕಟೆ ಬಳಸಬಹುದಾದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ ಅಡಿ ಬಂದಿದೆ, ನಮ್ಮ ಟೇಬಲ್‌ಗೆ ಧಾರಾಳ ಸಾಕು.

ನಡುನಡುವೆ ಕೆಲವು ಪ್ರಯೋಗ. ಡಿಎಂ ಸ್ಕ್ರೀನ್ (ನನ್ನ ದಾಳ ಕಾಣದಂತೆ ನಿಲ್ಲಿಸುವ ಮರೆ) ಕಿತ್ತು ಹಾಕಿ ಎಲ್ಲ ದಾಳವನ್ನೂ ಬಯಲಲ್ಲೇ ಹಾಕತೊಡಗಿದೆ. ಟೇಬಲ್‌ನ ಉಸಿರೇ ಬದಲಾಯಿತು, ಹಿಂದಿರುಗುವ ಮಾತೇ ಇಲ್ಲ. ಪ್ರತಿ ಸರದಿಗೂ ಮರಳು ಗಡಿಯಾರ ಇಟ್ಟೆ. ಮಾತುಗಾರರಿಗೆ ಏನೂ ಆಗಲಿಲ್ಲ, ಮೊದಲೇ ಮೌನಿಗಳಾದ ಇಬ್ಬರು "ಪಾಸ್" ಎನ್ನತೊಡಗಿದರು. ಎರಡೇ ಸೆಷನ್, ತೆಗೆದುಹಾಕಿದೆ. ಬ್ಲೇಡ್ಸ್ ಇನ್ ದ ಡಾರ್ಕ್ ಎಂಬ ಇನ್ನೊಂದು ಆಟದ ಕ್ಲಾಕ್‌ಗಳನ್ನು ಎರವಲು ತಂದೆ: ಆರು ಹೋಳಿನ ವೃತ್ತ, ಒಡ್ಡು ಒಡೆಯುವವರೆಗೆ ಸೆಷನ್ನಿಗೊಂದು ಹೋಳು ತುಂಬುತ್ತದೆ. ಇದು ಭರ್ಜರಿ ಕೆಲಸ ಮಾಡಿತು, ತಂಡ ಬದಲಾದರೂ ಆತಂಕ ಬದಲಾಗಲಿಲ್ಲ. ದಾರಿಯಲ್ಲಿ ಎದುರಾಗುವವರ ಪಟ್ಟಿಯನ್ನು 2ಡಿ6ಕ್ಕೆ, ಅಂದರೆ ಆರು ಮುಖದ ಎರಡು ದಾಳದ ಮೊತ್ತಕ್ಕೆ ಇಳಿಸಿದೆ. 7 ಬೀಳುವುದು 36ರಲ್ಲಿ ಆರು ಸಲ, ಅಲ್ಲಿ ಕಾಡುಹಂದಿ. 12 ಬೀಳುವುದು ಒಂದೇ ಸಲ, ಅಲ್ಲಿ ಡ್ರ್ಯಾಗನ್. ತಿಂಗಳು ಕಳೆಯುವುದರೊಳಗೆ ಎಲ್ಲರ ಕಣ್ಣೆದುರೇ ಎರಡು ಆರು ಬಿದ್ದವು. ಮೂರನೇ ಲೆವೆಲ್‌ನ ನಾಲ್ವರು, ಮೇಲೆ ಡ್ರ್ಯಾಗನ್. ಕತ್ತೆ, ಗಂಟು, ಲೂಟಿ ಎಲ್ಲ ಬಿಟ್ಟು ಕೊರಕಲಿಗೆ ಹಾರಿ ಓಡಿದರು. ಬಿಟ್ಟುಬಂದ ಆ ಕತ್ತೆಯನ್ನು ಹುಡುಕಲೆಂದೇ ಆಮೇಲೆ ಒಂದು ತಂಡ ಹೊರಟಿತ್ತು.

ಕಥೆ ಹುಟ್ಟಲ್ಲ ಎಂದವರಿಗೆ ನಾನು ತೋರಿಸುವುದು ಗೋಡೆಯ ಮೇಲಿನ ನಕ್ಷೆಯನ್ನು. ಅದನ್ನು ಬರೆಯುವವರು ಆಟಗಾರರು, ನಾನು ಪೆನ್ಸಿಲ್ ಮುಟ್ಟುವುದಿಲ್ಲ, ತಿದ್ದುವುದೂ ಇಲ್ಲ. ಒಂದು ತಂಡ ಅವಸರದಲ್ಲಿ ಕಲ್ಲಿನ ಸೇತುವೆಯನ್ನು ಹೊಳೆ ಕವಲೊಡೆಯುವುದಕ್ಕಿಂತ ಕೆಳಗೆ ಬರೆದಿಟ್ಟಿತು, ಅದು ಇರುವುದು ಮೇಲೆ. ಎರಡು ತಿಂಗಳ ನಂತರ ಬೇರೆಯೇ ಮೂವರು ಆಟಗಾರರು ಗ್ನೋಲ್‌ಗಳನ್ನು (ಕತ್ತೆಕಿರುಬ ಮುಖದ ರಾಕ್ಷಸರು) ಬೆನ್ನಿಗೆ ಹಾಕಿಕೊಂಡು ಅಲ್ಲಿಗೆ ಓಡಿ ಬಂದರೆ ಸೇತುವೆಯೇ ಇಲ್ಲ. "ಯಾರ್ರೀ ಇದನ್ನ ಬರೆದಿದ್ದು?" ಎಂದು ಅವರು ಕೇಳಿದ ಹೊತ್ತಿಗೆ ಬರೆದವಳು ಟೇಬಲ್‌ನಲ್ಲಿರಲಿಲ್ಲ. ಆ ಮೂವರಲ್ಲಿ ಬಾರ್ಡ್ (ಹಾಡುಗಾರ ಪಾತ್ರ) ಸತ್ತ. ಈಗ ಆ ಜಾಗಕ್ಕೆ ನಕ್ಷೆಯಲ್ಲಿ ಅವನದೇ ಹೆಸರು, ನಕ್ಷೆ ಬರೆದವಳ ರೇಂಜರ್ ಪಾತ್ರ ಕೋಟೆಯಲ್ಲಿ ಅವನ ತಂಗಿಗೆ ಇಂದಿಗೂ ಮುಖ ತೋರಿಸುವುದಿಲ್ಲ. ನಾನು ಬರೆದಿಟ್ಟುಕೊಂಡು ಬಂದ ಯಾವ ಖಳನಾಯಕನೂ ಇಷ್ಟು ದೂರ ನಡೆದದ್ದಿಲ್ಲ.

ಒಬ್ಬನೇ ವೀರನ ಸೇಡಿನ ಕಥೆಯನ್ನು ಉದ್ದಕ್ಕೆ ಎಳೆಯಬೇಕು ಎನ್ನುವವರಿಗೆ ಇದು ಹೊಂದುವುದಿಲ್ಲ. ಅಂಥ ಇಬ್ಬರು ಬಿಟ್ಟು ಹೋದರು, ಹೋದದ್ದು ಸರಿಯೇ.

ಈಗಿನ ತಲೆನೋವು ಬೇರೆ. ಹೆಸರು ಕೊಟ್ಟವರು ಹನ್ನೆರಡರ ಹತ್ತಿರ ಇದ್ದಾರೆ, ಕೆಲವು ದಿನ ಎಂಟು ಜನ ಬರುತ್ತಾರೆ. ಐವರಿಗಿಂತ ಹೆಚ್ಚು ಜನರನ್ನು ಆಡಿಸಿದರೆ ಒಂದು ಕಾಳಗಕ್ಕೇ ಇಡೀ ಸಂಜೆ ಹೋಗುತ್ತದೆ. ಅದಕ್ಕೆ ರೋಗ್ ಆಡುವ ಡಿಎಂಗೆ ಹೊಳೆಯಿಂದ ಆಚೆಯ ಜೌಗು ಬರೆದುಕೊಟ್ಟಿದ್ದೇನೆ. ಅಂಥ ದಿನ ಎರಡು ಟೇಬಲ್, ಒಂದೇ ನಕ್ಷೆ. ಎರಡೂ ತಂಡ ಒಂದೇ ಜಾಗ ಕೇಳಿದರೆ ಮೊದಲು ಹೇಳಿದವರಿಗೆ ಹಕ್ಕು. ಜೌಗು ಎಲ್ಲಿ ಮುಗಿಯುತ್ತದೆ ಎಂಬುದರ ಬಗ್ಗೆ ಮಾತ್ರ ನಮ್ಮಿಬ್ಬರಿಗೂ ಇನ್ನೂ ಒಮ್ಮತವಿಲ್ಲ.